ಪಿಯಾನೋ ಬಿಟ್ಟ ಮಹಾರಾಜರು, ಕೀಬೋರ್ಡ್ ಬಿಟ್ಟ ನಾವು

ಹೋದ ಸೆಮಿಸ್ಟರ್ ರಜೆಯಲ್ಲಿ ಮನೆಯವರೆಲ್ಲ ಸೇರಿ ಸಿಗಂದೂರಿಗೆ ಹೋಗಿದ್ವಿ. ಚಿಕ್ಕವನಿದ್ದಾಗ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯೋದೇ ಒಂದು ಸಂಭ್ರಮವಾಗಿತ್ತು. ಬಸ್ಸು, ಕಾರು, ಬೈಕು, ಜನ ಎಲ್ಲ ಒಂದೇ ಲಾಂಚ್ ಮೇಲೆ. ಈಗ ಆ ಕಾಯುವಿಕೆ ಇಲ್ಲ. 2025ರ ಜುಲೈಯಲ್ಲಿ ಸೇತುವೆ ಉದ್ಘಾಟನೆಯಾದ ಮೇಲೆ ಶರಾವತಿ ಹಿನ್ನೀರನ್ನು ಕಾರಿನಲ್ಲೇ ಕೆಲವು ನಿಮಿಷಗಳಲ್ಲಿ ದಾಟಿಬಿಡ್ತೀವಿ. ಸೇತುವೆ ಮಧ್ಯ ಹೋಗ್ತಾ ಇರುವಾಗ ಹಿಂದಿನ ಸೀಟಿನಿಂದ ದೊಡ್ಡಪ್ಪ ಕೇಳಿದ್ರು: "ಹೌದಾ ಮಾರಾಯ, ನೀ ಚೆಂದ ಕೀಬೋರ್ಡ್ ಬಾರಿಸ್ತಿದ್ಯಲ, ಈಗ ಎಂತ ಆಯ್ತು?"

ನಾನು ಥಟ್ಟಂತ ಹೇಳಿದೆ: "ಇಂಜಿನಿಯರಿಂಗ್ ಅಲ್ವಾ ದೊಡ್ಡಪ್ಪ, ಟೈಮೇ ಸಿಗಲ್ಲ."

ದೊಡ್ಡಪ್ಪ "ಹಂಗಾ" ಅಂದು ಸುಮ್ಮನಾದ್ರು. ಅವರು ನಂಬಿದ್ರೋ ಇಲ್ವೋ ಗೊತ್ತಿಲ್ಲ. ನಾನಂತೂ ನಂಬಲಿಲ್ಲ. ಯಾಕಂದ್ರೆ ನನ್ನ ಫೋನಿನ ಸ್ಕ್ರೀನ್ ಟೈಮ್ ಎಷ್ಟು ಅಂತ ನನಗೆ ಗೊತ್ತು.

ಈ ಲೇಖನ ಆ ಸುಳ್ಳಿನ ಬಗ್ಗೆ. ಆದರೆ ಅದಕ್ಕೆ ಮೊದಲು, ಸಂಗೀತ ಬಿಡೋದಕ್ಕೆ ನಿಜವಾದ ಕಾರಣ ಇದ್ದ ಒಬ್ಬರ ಕಥೆ ಹೇಳಬೇಕು. ಅವರ ಹೆಸರು ನಮಗೆಲ್ಲ ಗೊತ್ತು. ಬೆಂಗಳೂರಿನಲ್ಲಿ ಒಂದು ಬಡಾವಣೆಗೇ ಆ ಹೆಸರಿದೆ: ಜಯನಗರ ಅಲ್ಲ, ಜಯಚಾಮರಾಜೇಂದ್ರ ನಗರ, ಅಂದ್ರೆ ನಾವು ಜೆ.ಸಿ. ನಗರ ಅಂತ ಕರೆಯೋದು. ಮೈಸೂರಿನ ಕೊನೆಯ ಮಹಾರಾಜರು, ಜಯಚಾಮರಾಜ ಒಡೆಯರು.

ಶಾಲೆಯಲ್ಲಿ ನಾವು ಅವರ ಬಗ್ಗೆ ಓದಿದ್ದು ಎರಡು ಸಾಲು. 1947ರಲ್ಲಿ ಭಾರತ ಒಕ್ಕೂಟಕ್ಕೆ ಸೇರಲು ಸಹಿ ಹಾಕಿದ್ರು, ಆಮೇಲೆ ರಾಜಪ್ರಮುಖರಾದ್ರು, ರಾಜ್ಯಪಾಲರಾದ್ರು. ಅಷ್ಟೇ. ಅವರು ಪಿಯಾನೋ ವಾದಕರಾಗಬೇಕು ಅಂತಿದ್ರು, ಅದೂ ವೇದಿಕೆ ಮೇಲೆ ಕೂತು ಕಛೇರಿ ಕೊಡುವ ಪಿಯಾನೋ ವಾದಕರು, ಅನ್ನೋದು ಯಾವ ಪಾಠದಲ್ಲೂ ಇರಲಿಲ್ಲ.

ಅವರು ಹುಟ್ಟಿದ್ದು 1919ರ ಜುಲೈ 18ಕ್ಕೆ. ಅರಮನೆಯಲ್ಲಿ ಆಗ ಎರಡೂ ಸಂಗೀತ ಇತ್ತು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಒಂದು ಕಡೆ ವೀಣೆ, ಇನ್ನೊಂದು ಕಡೆ ಪಾಶ್ಚಾತ್ಯ ವಾದ್ಯಗಳ ಅರಮನೆ ಬ್ಯಾಂಡು. ಈ ವಾತಾವರಣದಲ್ಲಿ ಹುಡುಗ ಪಿಯಾನೋ ಕಲಿತ, ಗಂಭೀರವಾಗಿ ಕಲಿತ. 1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮುಗೀತು. 1939ರಲ್ಲಿ ಯುರೋಪ್ ಪ್ರವಾಸ. ಅಲ್ಲಿನ ಕಲಾವಿದರ ಪರಿಚಯ. ಕಛೇರಿ ವಾದಕನಾಗುವ ದಾರಿ ಸರಿಯಾಗೇ ಕಾಣ್ತಾ ಇತ್ತು.

ಆಮೇಲೆ ಬಂತು 1940. ಮಾರ್ಚ್ ತಿಂಗಳಲ್ಲಿ ತಂದೆ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡ್ರು. ಆಗಸ್ಟಿನಲ್ಲಿ ದೊಡ್ಡಪ್ಪನೂ ಹೋದ್ರು. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. ಸೆಪ್ಟೆಂಬರ್ 8ಕ್ಕೆ ಜಯಚಾಮರಾಜರು ಸಿಂಹಾಸನ ಏರಿದ್ರು. ವಯಸ್ಸು ಇಪ್ಪತ್ತೊಂದು. ನಮ್ಮ ಕಾಲೇಜಿನ ಫೈನಲ್ ಇಯರ್ ಸೀನಿಯರ್ ಒಬ್ಬರ ವಯಸ್ಸು. ಆರು ತಿಂಗಳಲ್ಲಿ ಇಬ್ಬರು ಹಿರಿಯರು ಇಲ್ಲ, ಹೊರಗೆ ಮಹಾಯುದ್ಧ, ಹೆಗಲ ಮೇಲೆ ಒಂದು ರಾಜ್ಯ. ಪಿಯಾನೋ ಕಛೇರಿಯ ಕನಸು ಅಲ್ಲಿಗೆ ಮುಗೀತು.

ಇಲ್ಲಿವರೆಗಿನ ಕಥೆ ಕೇಳಿದವರು ಸಾಮಾನ್ಯವಾಗಿ ಒಂದು ಮಾತು ಹೇಳ್ತಾರೆ: "ನೋಡು, ರಾಜರೇ ಕರ್ತವ್ಯಕ್ಕಾಗಿ ಸಂಗೀತ ಬಿಟ್ಟರು. ನೀನೂ ಮೊದಲು ಡಿಗ್ರಿ ಮುಗಿಸು." ನನ್ನ ತಕರಾರು ಇರೋದು ಇಲ್ಲೇ. ಅವರು ಬಿಟ್ಟಿದ್ದು ಸಂಗೀತವನ್ನಲ್ಲ. ಒಂದು ವೃತ್ತಿಯನ್ನ ಬಿಟ್ಟರು. ಇವೆರಡೂ ಬೇರೆ ಬೇರೆ. ನಾವು ಇವೆರಡನ್ನೂ ಒಂದೇ ಅಂದುಕೊಂಡಿದ್ದರಿಂದಲೇ ಪಿಯುಸಿ ಬಂದ ತಕ್ಷಣ ತಬಲಾ ಅಟ್ಟ ಸೇರುತ್ತೆ, ಕೀಬೋರ್ಡ್ ಮಂಚದಡಿ ಸೇರುತ್ತೆ, ಭರತನಾಟ್ಯದ ಗೆಜ್ಜೆ ಗೋದ್ರೇಜ್ ಬೀರು ಸೇರುತ್ತೆ.

ಅವರು ಮುಂದೆ ಏನು ಮಾಡಿದ್ರು ನೋಡಿ. 1945ರಲ್ಲಿ, ಅಂದ್ರೆ ರಾಜರಾಗಿ ಐದು ವರ್ಷ ಆದಮೇಲೆ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಮತ್ತು ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಆದ್ರು. ರಾಜ್ಯಭಾರದ ನಡುವೆಯೂ ಪಿಯಾನೋ ಮುಚ್ಚಿಡಲಿಲ್ಲ ಅಂತಾಯ್ತು.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಒಬ್ಬ ಮುದುಕರಿದ್ರು. ನಿಕೊಲಾಯ್ ಮೆಟ್ನರ್. ಮಾಸ್ಕೋದಲ್ಲಿ ಹುಟ್ಟಿದ ಪಿಯಾನೋ ವಾದಕ ಮತ್ತು ಸಂಗೀತ ರಚನಕಾರ. ಕ್ರಾಂತಿಯ ನಂತರ 1921ರಲ್ಲಿ ರಷ್ಯಾ ಬಿಟ್ಟು, ಊರೂರು ಅಲೆದು, ಕೊನೆಗೆ ಲಂಡನ್ನಿನಲ್ಲಿ ನೆಲೆ ನಿಂತಿದ್ರು. ಯುದ್ಧ ಶುರುವಾದ ಮೇಲೆ ಜರ್ಮನಿಯ ಪ್ರಕಾಶಕರಿಂದ ಬರ್ತಿದ್ದ ಹಣ ನಿಂತುಹೋಯ್ತು. ಹೃದಯದ ಕಾಯಿಲೆ ಬೇರೆ. ಅವರ ಸಂಗೀತ ಹಳೇ ಕಾಲದ್ದು ಅಂತ ಜನ ಮರೀತಾ ಇದ್ರು. ಅವರೇ ನುಡಿಸಿದ ಧ್ವನಿಮುದ್ರಣ ಸರಿಯಾಗಿ ಉಳಿಯದೇ ಹೋಗುವ ಹಾಗಿತ್ತು.

ಆಗ ಮೈಸೂರಿನಿಂದ ಹಣ ಬಂತು. ಜಯಚಾಮರಾಜ ಒಡೆಯರು ಮೆಟ್ನರ್ ಸೊಸೈಟಿ ಸ್ಥಾಪಿಸಿ, ಅವರ ಮೂರೂ ಪಿಯಾನೋ ಕಂಚರ್ಟೊಗಳು, ಸೊನಾಟಾಗಳು, ಹಾಡುಗಳು ಎಚ್‌ಎಂವಿ ತಟ್ಟೆಗಳ ಮೇಲೆ ಬರುವ ಹಾಗೆ ಮಾಡಿದ್ರು. ಪಿಯಾನೋ ನುಡಿಸಿದ್ದು ಸ್ವತಃ ಮೆಟ್ನರ್. 1951ರಲ್ಲಿ ಮೆಟ್ನರ್ ತೀರಿಕೊಂಡ್ರು. ಅಂದ್ರೆ ಇನ್ನು ಕೆಲವು ವರ್ಷ ತಡವಾಗಿದ್ರೂ ಆ ಬೆರಳುಗಳ ಸದ್ದು ನಮಗೆ ಸಿಗ್ತಿರಲಿಲ್ಲ. ಕೃತಜ್ಞತೆಗಾಗಿ ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಂಚರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ರು. ಇದನ್ನು ಹಾಸ್ಟೆಲಿನಲ್ಲಿ ರಾತ್ರಿ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಎಲ್ಲ ಅರ್ಥ ಆಯ್ತು ಅಂತ ಹೇಳಲ್ಲ. ಆದರೆ ಹಳೇ ತಟ್ಟೆಯ ಕರಕರ ಸದ್ದಿನ ಹಿಂದೆ ಒಬ್ಬ ಅರವತ್ತೇಳು ದಾಟಿದ ಕಾಯಿಲೆಯ ಮನುಷ್ಯ ಅಷ್ಟು ಜೋರಾಗಿ, ಅಷ್ಟು ನಿಚ್ಚಳವಾಗಿ ನುಡಿಸೋದು ಕೇಳಿ ಎದ್ದು ಕೂತೆ.

ಇನ್ನೊಂದು ಸಂಗತಿ. ವಾಲ್ಟರ್ ಲೆಗ್ ಅನ್ನೋವ್ರು 1945ರಲ್ಲಿ ಲಂಡನ್ನಿನಲ್ಲಿ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಕಟ್ಟಿದ್ರು. ಮಹಾರಾಜರ ಆಹ್ವಾನದ ಮೇಲೆ ಮೈಸೂರಿಗೆ ಬಂದು ಅರಮನೆಯ ತಟ್ಟೆಗಳ ಭಂಡಾರ, ಸಾಲು ಗ್ರ್ಯಾಂಡ್ ಪಿಯಾನೋಗಳನ್ನ ನೋಡಿ ಬೆರಗಾದ್ರಂತೆ. ವಾಪಸ್ ಹೋಗುವಾಗ ಆರ್ಕೆಸ್ಟ್ರಾಗೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ನೆರವಿನ ಭರವಸೆ ಸಿಕ್ಕಿತ್ತು. ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ನಮ್ಮ ಮಹಾರಾಜರೇ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿ ಕೇಳಿಸಿದ್ವು. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶನ ಫುರ್ಟ್‌ವೆಂಗ್ಲರ್. ಆ ಕಾರ್ಯಕ್ರಮದ ಖರ್ಚಿಗೆ 4,800 ಡಾಲರಿನ ಖಾತರಿ ಕೊಟ್ಟವರು ಜಯಚಾಮರಾಜ ಒಡೆಯರು. ಅವರು ಆ ಹಾಲಿನಲ್ಲಿ ಇರಲಿಲ್ಲ. ತಟ್ಟೆಯಲ್ಲಿ ಮುದ್ರಿಸಿ ಮೈಸೂರಿಗೆ ಕಳಿಸಿ, ಕೇಳ್ತೀನಿ ಅನ್ನೋದಷ್ಟೇ ಅವರ ಬೇಡಿಕೆ.

ವೇದಿಕೆ ಮೇಲೆ ಕೂರಲಾಗದ ಒಬ್ಬ ಪಿಯಾನೋ ವಾದಕ, ದೂರದಲ್ಲಿ ಕೂತು, ಬೇರೆಯವರು ವೇದಿಕೆ ಮೇಲೆ ಕೂರುವ ಹಾಗೆ ನೋಡಿಕೊಂಡ. ನನಗೆ ಇದು ತ್ಯಾಗದ ಕಥೆ ಅಂತ ಅನ್ಸಲ್ಲ. ಕೇಳುಗನ ಕಥೆ ಅನ್ಸುತ್ತೆ. ಮೆಟ್ನರ್ ಬೆಲೆ ಏನು ಅಂತ ಗೊತ್ತಾಗಬೇಕಾದ್ರೆ ಕೇಳೋನಿಗೆ ಪಿಯಾನೋ ಗೊತ್ತಿರಬೇಕು. ಚಿಕ್ಕಂದಿನಲ್ಲಿ ಕಲಿತದ್ದು ದಂಡ ಆಯ್ತು ಅಂತ ನಾವು ಹೇಳ್ತೀವಲ್ಲ, ಅದು ಇಲ್ಲಿ ಉಪಯೋಗಕ್ಕೆ ಬಂತು.

ಹಾಗಾದ್ರೆ ವೃತ್ತಿಯನ್ನೇ ಆಯ್ದುಕೊಂಡವರು ಏನೂ ಕಳ್ಕೊಳ್ಳಲ್ವಾ? ಮೆಟ್ನರ್ ಅವರ ಗೆಳೆಯ ರಾಖ್ಮಾನಿನೊವ್ ಅವರನ್ನ ನೋಡಿ. ಜಗತ್ತಿನ ಅತಿ ದೊಡ್ಡ ಪಿಯಾನೋ ವಾದಕರಲ್ಲಿ ಒಬ್ಬರು. ಆದರೆ ಅವರು ಪೂರ್ಣಾವಧಿ ಕಛೇರಿ ವಾದಕರಾಗಿದ್ದು 1917ರ ಕೊನೆಯಲ್ಲಿ ದೇಶ ಬಿಟ್ಟ ಮೇಲೆ, ಸಂಸಾರ ಸಾಕೋದಕ್ಕೆ. ಆಗ ವಯಸ್ಸು ನಲವತ್ತನಾಲ್ಕು. ಆಮೇಲೆ ಬರೀ ಊರಿಂದೂರಿಗೆ ಪ್ರಯಾಣ, ರಿಹರ್ಸಲ್, ಕಛೇರಿ. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಅವರು ರಚಿಸಿದ ಹೊಸ ದೊಡ್ಡ ಕೃತಿಗಳು ಆರೇ ಆರು. 1943ರ ಫೆಬ್ರವರಿಯಲ್ಲಿ ಕೊನೆಯ ಕಛೇರಿ, ಮಾರ್ಚಿನಲ್ಲಿ ಸಾವು. ಒಂದನ್ನು ಹಿಡಿದರೆ ಇನ್ನೊಂದು ಕೈ ಜಾರುತ್ತೆ. ಎಲ್ಲರದ್ದೂ ಅಷ್ಟೇ. ಆದ್ದರಿಂದ "ವೃತ್ತಿ ಆಗಲಿಲ್ಲ, ಅದಕ್ಕೇ ಬಿಟ್ಟೆ" ಅನ್ನೋದು ಕಾರಣ ಅಲ್ಲ, ನೆಪ.

ಮಹಾರಾಜರ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇನ್ನೊಂದಿದೆ. ಪಾಶ್ಚಾತ್ಯ ಸಂಗೀತದಲ್ಲಿ ಮುಳುಗಿದ್ದವರು ಆಮೇಲೆ ಕರ್ನಾಟಕ ಸಂಗೀತ ಕಲಿಯೋಕೆ ಕೂತರು. ವೀಣೆಗೆ ವೆಂಕಟಗಿರಿಯಪ್ಪನವರು, ಸಂಗೀತಕ್ಕೆ ವಾಸುದೇವಾಚಾರ್ಯರು. 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನ ರಚಿಸಿದ್ರು. ನನ್ನ ಹಾಗೆ ಇಂಗ್ಲಿಷ್ ಮೀಡಿಯಂ ಓದಿ, ಕನ್ನಡದಲ್ಲಿ ಎರಡು ಪುಟ ಬರೆಯೋಕೆ ಒದ್ದಾಡೋರಿಗೆ ಇದು ಧೈರ್ಯ ಕೊಡೋ ವಿಷಯ. ಹೊರಗಿನದು ಕಲಿತರೆ ನಮ್ಮದು ಹೋಗುತ್ತೆ ಅಂತೇನಿಲ್ಲ. ತಡವಾಗಿಯಾದ್ರೂ ನಮ್ಮದಕ್ಕೆ ಬರಬಹುದು.

ಅವರ ತಂಗಿ ವಿಜಯಾದೇವಿಯವರದ್ದೂ ಇಂಥದ್ದೇ ದಾರಿ. ವೀಣೆಯೂ ಗೊತ್ತು, ಪಿಯಾನೋವೂ ಗೊತ್ತು. ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಸ್ಟಾಯರ್‌ಮನ್ ಅವರ ಹತ್ತಿರ ಕಲಿತು ಬಂದವರು. 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಆ್ಯಂಡ್ ಆರ್ಟ್ಸ್ ಸೊಸೈಟಿ ಶುರು ಮಾಡಿದ್ರು. ಅಣ್ಣ ತೀರಿಕೊಂಡ ವರ್ಷವೂ ಅದೇ. ಅಣ್ಣ ತಂಗಿ ಇಬ್ಬರೂ ಮಾಡಿದ್ದು ಒಂದೇ ಕೆಲಸ: ಬೇರೆಯವರಿಗೆ ವೇದಿಕೆ.

ಈಗ ನನ್ನ ರೂಮ್‌ಮೇಟ್ ಕೇಳಿದ ಪ್ರಶ್ನೆಗೆ ಬರ್ತೀನಿ. ಈ ಕಥೆ ಹೇಳಿದಾಗ ಅವನು ಅಂದ: "ಅವರು ರಾಜ್ರು ಗುರೂ. ಮನೇಲಿ ಪಿಯಾನೋ ಸಾಲಾಗಿ ನಿಂತಿತ್ತು. ಲಂಡನ್ನಿಗೆ ದುಡ್ಡು ಕಳಿಸಿದ್ರು ಸರಿ, ಆ ದುಡ್ಡು ಯಾರದ್ದು?"

ಒಳ್ಳೇ ಪ್ರಶ್ನೆ. ನಾನು ಹಿನ್ನೀರಿನ ಊರಿನವನು, ಈ ಪ್ರಶ್ನೆಯನ್ನ ತಳ್ಳಿಹಾಕೋಕೆ ಆಗಲ್ಲ. ರಾಜರ ದುಡ್ಡು ಅಂದ್ರೆ ಕೊನೆಗೆ ಜನರ ದುಡ್ಡೇ. ಮೆಟ್ನರ್ ತಟ್ಟೆಗಳು ತಯಾರಾಗ್ತಿದ್ದ ಅದೇ 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಶುರು ಮಾಡ್ತು. ಅದಕ್ಕೆ ನೀರು ಕೊಡೋಕೆ ಶರಾವತಿಗೆ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ರು, ಗಣೇಶ್ ಅಯ್ಯರ್ ಅವರ ಸೈಫನ್ನುಗಳಿರುವ ಅಣೆಕಟ್ಟು. ನೋಡಿದ್ರೆ ಯಾವ ಸಿವಿಲ್ ವಿದ್ಯಾರ್ಥಿಯೂ ಬೆರಗಾಗ್ತಾನೆ. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂತು. ಆ ಅಣೆಕಟ್ಟು ಏಳುತ್ತಿದ್ದ ಕಾಲಕ್ಕೆ ರಾಜ್ಯದ ರಾಜ್ಯಪಾಲರು ಇದೇ ಜಯಚಾಮರಾಜ ಒಡೆಯರು. ಊರು, ತೋಟ, ಗದ್ದೆ ಎಲ್ಲ ನೀರಿನಡಿ ಹೋಯ್ತು. ಹಿರೇಭಾಸ್ಕರ ಅಣೆಕಟ್ಟೂ ಮುಳುಗ್ತು. ನಾಡಿಗೆಲ್ಲ ಬೆಳಕಾಯ್ತು, ಹಿನ್ನೀರಿನಾಚೆ ಉಳಿದವರು ಆರು ದಶಕ ಒಂದು ಲಾಂಚ್ ನಂಬಿ ಬದುಕಿದ್ರು. ಕೀಬೋರ್ಡ್ ಕ್ಲಾಸ್ ಹಾಗಿರಲಿ, ಹೆರಿಗೆ ನೋವು ಬಂದವರನ್ನ ರಾತ್ರಿ ಹೊತ್ತು ಆಸ್ಪತ್ರೆಗೆ ಸಾಗಿಸೋದೇ ಕಷ್ಟ.

ಆದ್ದರಿಂದ ನಾನು "ರಾಜರ ಹಾಗೆ ಬದುಕಿ" ಅಂತ ಹೇಳ್ತಿಲ್ಲ. ಅವರಿಗಿದ್ದ ಸವಲತ್ತಿನ ಸಾವಿರದಲ್ಲೊಂದು ಪಾಲೂ ನಮಗಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರ "ಹಾಗಾದ್ರೆ ಯಾರಿಗೂ ಪಿಯಾನೋ ಬೇಡ" ಅನ್ನೋದಲ್ಲ. "ಅರಮನೆಯಲ್ಲಿ ಇದ್ದದ್ದು ಎಲ್ಲರಿಗೂ ಸಿಗೋ ಹಾಗೆ ಹೇಗೆ ಮಾಡೋದು" ಅನ್ನೋದು.

ಅರಮನೆ ಇಲ್ಲದೆಯೂ ಮಾಡಿದವರಿದ್ದಾರೆ. ಮಹಾರಾಜರಿಗಿಂತ ಎರಡೇ ವರ್ಷ ಮೊದಲು, 1917ರಲ್ಲಿ, ಬೆಳಗಾವಿ ಜಿಲ್ಲೆಯ ಕಾಗವಾಡದಲ್ಲಿ ರಾಮಭಾವು ಬಿಜಾಪುರೆ ಹುಟ್ಟಿದ್ರು. ಅವರ ವಾದ್ಯವೂ ಬಿಳಿ ಕರಿ ಮನೆಗಳದ್ದೇ: ಹಾರ್ಮೋನಿಯಂ. ತಮಾಷೆ ಏನಂದ್ರೆ, ಜಯಚಾಮರಾಜರ ಪಿಯಾನೋ ಕನಸು ಮುರಿದ ಅದೇ 1940ರ ಮಾರ್ಚಿನಲ್ಲಿ ಆಕಾಶವಾಣಿ ಹಾರ್ಮೋನಿಯಂ ಮೇಲೆ ನಿಷೇಧ ಹಾಕ್ತು. ಅದರ ಸ್ವರಗಳು ಗಟ್ಟಿ, ಮೀಂಡು ಗಮಕ ಬರಲ್ಲ, ಹೊರಗಿನ ವಾದ್ಯ ಅಂತ ಆರೋಪ. ನಿಷೇಧ ಸಡಿಲ ಆಗಿದ್ದು 1971ರಲ್ಲಿ. ಮೂವತ್ತು ವರ್ಷ ರೇಡಿಯೋ ಬಾಗಿಲು ಮುಚ್ಚಿದ್ರೂ ಬಿಜಾಪುರೆಯವರು ಬಿಡಲಿಲ್ಲ. ತಲೆಮಾರುಗಟ್ಟಲೆ ಗಾಯಕರಿಗೆ ಸಾಥ್ ಕೊಟ್ಟರು, ಸ್ವತಂತ್ರ ವಾದನ ಮಾಡಿದ್ರು, ಬೆಳಗಾವಿಯಲ್ಲಿ ದಶಕಗಳ ಕಾಲ ಮಕ್ಕಳಿಗೆ ಕಲಿಸಿದ್ರು. 2010ರಲ್ಲಿ ತೀರಿಕೊಂಡಾಗ ತೊಂಬತ್ತು ದಾಟಿತ್ತು. ರೇಡಿಯೋದವರೇ ಬೇಡ ಅಂದಾಗ ಅವರಿಗೆ ಬಿಡೋಕೆ ಎಂಥ ಒಳ್ಳೇ ನೆಪ ಇತ್ತು ಯೋಚನೆ ಮಾಡಿ. ನನಗಿರೋ ನೆಪ ಇಂಜಿನಿಯರಿಂಗ್ ಮ್ಯಾಥ್ಸ್.

ಇನ್ನು "ಪಿಯಾನೋ ಎಲ್ಲ ನಮ್ಮ ಮಲೆನಾಡಿಗೆ ಯಾಕೆ" ಅನ್ನೋರಿಗೆ. ಹೌದು, ನಿಜವಾದ ಪಿಯಾನೋ ನಮ್ಮ ಮಳೆಗೆ ಹೆದರುತ್ತೆ. 88 ಮನೆ, ಇನ್ನೂರಕ್ಕೂ ಹೆಚ್ಚು ತಂತಿ, ದೊಡ್ಡ ಗ್ರ್ಯಾಂಡ್‌ನಲ್ಲಿ ಎಲ್ಲ ತಂತಿಗಳ ಎಳೆತ ಸೇರಿದ್ರೆ ಸುಮಾರು 20 ಟನ್. ಅಷ್ಟನ್ನೂ ತಡೆಯೋದು ಒಂದು ಎರಕದ ಕಬ್ಬಿಣದ ಚೌಕಟ್ಟು. ಸದ್ದು ಹೊಮ್ಮಿಸೋದು ಮಾತ್ರ ತೆಳು ಮರದ ಹಲಗೆ. ಜೂನ್ ತಿಂಗಳ ಗಾಳಿಯಲ್ಲಿ ನಮ್ಮ ಮನೆ ಬಾಗಿಲೇ ಉಬ್ಬಿ ಹಾಕೋಕೆ ಬರಲ್ಲ, ಇನ್ನು ಆ ಹಲಗೆ ಶ್ರುತಿ ಹಿಡ್ಕೊಂಡು ಕೂರುತ್ತಾ? ಆದರೆ ಪ್ರತಿ ಮನೆಯ ಸ್ವರವೂ ಹಿಂದಿನದಕ್ಕಿಂತ 1.0595 ಪಟ್ಟು ಅನ್ನೋ ಆ ಲೆಕ್ಕ ಈಗ ಒಂದು ಚಿಪ್ಪಿನಲ್ಲಿ ಕೂತಿದೆ. 61 ಮನೆಯ ಕೀಬೋರ್ಡಿಗೆ ಮಳೆಯ ಭಯ ಅಷ್ಟಿಲ್ಲ. ಭಜನೆ ಮನೆಯ ಹಾರ್ಮೋನಿಯಂ ಒಂದು ಕಾಲಕ್ಕೆ ಹೊರಗಿನದೇ. ಈಗ ಅದಿಲ್ಲದ ಭಜನೆ ಊಹಿಸಿ ನೋಡಿ.

ಕೊನೆಗೆ ನಮ್ಮ ಕಾಲೇಜಿನ ಮಾತು. ನಮ್ಮಲ್ಲಿ ಒಂದು ಮ್ಯೂಸಿಕ್ ರೂಮ್ ಇದೆ. ಫೆಸ್ಟ್‌ಗೆ ಎರಡು ವಾರ ಮೊದಲು ಬೀಗ ತೆಗೀತಾರೆ, ಫೆಸ್ಟ್ ಮುಗಿದ ಮಾರನೇ ದಿನ ಹಾಕ್ತಾರೆ. ಅಂದ್ರೆ ನಮ್ಮ ಪ್ರಕಾರ ಸಂಗೀತ ಇರೋದು ಪ್ರೈಜ್ ಇದ್ದಾಗ ಮಾತ್ರ. ಕನ್ನಡ ಸಂಘದ ಮೂಲಕ ನಾನು ಕೇಳೋದು ಮೂರೇ. ಒಂದು, ಆ ರೂಮು ವಾರದಲ್ಲಿ ಎರಡು ಸಂಜೆಯಾದ್ರೂ ತೆರೆದಿರಲಿ, ಸ್ಪರ್ಧೆ ಇರಲಿ ಬಿಡಲಿ. ಎರಡು, ತಿಂಗಳಿಗೊಮ್ಮೆ ಅರ್ಧ ಗಂಟೆ ಸುಮ್ಮನೆ ಕೂತು ಕೇಳುವ ಕಾರ್ಯಕ್ರಮ ಮಾಡೋಣ. ಒಂದು ತಿಂಗಳು ಮೆಟ್ನರ್, ಒಂದು ತಿಂಗಳು ಶ್ರೀವಿದ್ಯಾ ಅಂಕಿತದ ಕೃತಿ, ಒಂದು ತಿಂಗಳು ಬಿಜಾಪುರೆ. ಸ್ಪೀಕರ್ ಒಂದು ಸಾಕು, ಬಜೆಟ್ ಬೇಡ. ಮೂರು, ಯಾರಾದ್ರೂ ನುಡಿಸ್ತೀನಿ ಅಂದಾಗ "ಅದರಿಂದ ಏನು ಸಿಗುತ್ತೆ, ಆ್ಯಕ್ಟಿವಿಟಿ ಪಾಯಿಂಟ್ಸ್ ಇದ್ಯಾ" ಅಂತ ಕೇಳೋದು ನಿಲ್ಲಿಸೋಣ. ಈ ಮೂರನೇದಕ್ಕೆ ಪ್ರಿನ್ಸಿಪಾಲರ ಸಹಿಯೂ ಬೇಡ.

ಬಿರು ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಿರೇಭಾಸ್ಕರ ಅಣೆಕಟ್ಟು ಮತ್ತೆ ಮೇಲೆ ಕಾಣುತ್ತೆ. ಅಷ್ಟು ವರ್ಷ ನೀರಿನಡಿ ಇದ್ರೂ ಗಟ್ಟಿಯಾಗೇ ಇದೆ. ನೋಡೋಕೆ ಜನ ಹೋಗ್ತಾರೆ. ನಮ್ಮೊಳಗೆ ಮುಳುಗಿಸಿಟ್ಟದ್ದೂ ಹಾಗೇ ಗಟ್ಟಿಯಾಗಿರುತ್ತೆ ಅಂತ ನಾನು ಗ್ಯಾರಂಟಿ ಕೊಡಲ್ಲ. ಕಲ್ಲಿನ ವಿಷಯ ಬೇರೆ, ಬೆರಳಿನ ವಿಷಯ ಬೇರೆ. ಬೆರಳು ಮರೀತವೆ.

ಸಿಗಂದೂರಿನಿಂದ ಮನೆಗೆ ಬಂದ ದಿನ ಮಂಚದಡಿಯಿಂದ ಕೀಬೋರ್ಡ್ ಎಳೆದೆ. ಮೇಲೆ ಹಳೇ ಬೆಡ್‌ಶೀಟ್, ಅದರ ಮೇಲೆ ಎರಡು ವರ್ಷದ ಧೂಳು. ಅಡಾಪ್ಟರ್ ಹುಡುಕೋಕೆ ಅರ್ಧ ಗಂಟೆ ಹಿಡೀತು. ಮಧ್ಯದ ಎರಡು ಮನೆ ಒತ್ತಿದ್ರೆ ಸದ್ದೇ ಬರಲ್ಲ, ಒಂದು ಒತ್ತಿದ್ರೆ ಮೇಲೆ ಏಳಲ್ಲ. ಮೊದಲು ಕಲಿತ ಸರಳೆ ವರಸೆಯಲ್ಲೇ ನಾಲ್ಕು ಸಲ ತಪ್ಪಿದೆ. ಅಡುಗೆಮನೆಯಿಂದ ಅಮ್ಮ ಏನೂ ಹೇಳಲಿಲ್ಲ, ಮಿಕ್ಸಿ ಮಾತ್ರ ಆಫ್ ಮಾಡಿದ್ರು.

ಈಗ ಕೀಬೋರ್ಡ್ ಹಾಸ್ಟೆಲಿಗೆ ಬಂದಿದೆ. ಆ ಮೂರು ಮನೆ ರಿಪೇರಿಗೆ ಎಲೆಕ್ಟ್ರಾನಿಕ್ಸ್ ವಿಭಾಗದ ಗೆಳೆಯರು ಯಾರಾದ್ರೂ ಕೈ ಜೋಡಿಸೋದಾದ್ರೆ ಸಂಘದ ಗ್ರೂಪಿನಲ್ಲಿ ಹೇಳಿ. ಟೈಮ್ ಇಲ್ಲ ಅಂತ ಮಾತ್ರ ಹೇಳಬೇಡಿ. ಆ ಸುಳ್ಳು ನಾನು ಆಗ್ಲೇ ಹೇಳಿ ಆಗಿದೆ.